ಅಂಟಿಗೆ-ಪಂಟಿಗೆಯೂ ಬಾಗಿಲೊಳಗಿನ ಬಾಲಕನೂ

ದೀಪಾವಳಿಯ ರಾತ್ರಿಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ಹಳ್ಳಿಗಳನ್ನು ಕಂಡವರಿಗೆ ಅಂಟಿಗೆ-ಪಂಟಿಗೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಾಡುಗಾರರ ತಂಡವು ಹೊತ್ತಿಸಿದ ದೀಪವನ್ನು ಆರಗೊಡದೆ ಹಿಡಿದು, ಅಡಕೆ ತೋಟಗಳ ನಡುವಣ ಒಂಟಿಮನೆಗಳಿಗೂ ನಡೆದುಬಂದು, ಬಾಗಿಲ ಮುಂದೆ ನಿಂತು ಹಾಡುವುದು. ಮನೆಯವರು ಆ ದೀಪಕ್ಕೆ ಎಣ್ಣೆಯೆರೆದು, ಅದರಿಂದ ತಮ್ಮ ದೀಪವನ್ನು ಹೊತ್ತಿಸಿಕೊಂಡು, ಅಕ್ಕಿಯನ್ನೋ ಹಣವನ್ನೋ ಕೊಟ್ಟು ಕಳುಹಿಸುವರು. ನಡುರಾತ್ರಿಯಾದರೂ ಬೇಸರವಿಲ್ಲ.

ಆದರೆ ಆ ಬಾಗಿಲೊಳಗೆ ಸ್ವಲೀನತೆಯುಳ್ಳ, ಎಂದರೆ ಆಟಿಸಂ ಇರುವ, ಏಳೆಂಟು ವರ್ಷದ ಬಾಲಕನೊಬ್ಬನು ಮಲಗಿರುವನೆಂದು ಭಾವಿಸಿರಿ. ವರ್ಷವೆಲ್ಲ ಅವನು ಕೇಳುವುದು ಮಳೆಯನ್ನು, ಜೀರುಂಡೆಯನ್ನು, ಕೊಟ್ಟಿಗೆಯ ಗಂಟೆಯನ್ನು. ಹಬ್ಬ ಬಂದೊಡನೆ ಕತ್ತಲಲ್ಲೇ ಎಣ್ಣೆಸ್ನಾನ, ಮೈಗೆ ಚುಚ್ಚುವ ಹೊಸ ಅಂಗಿ, ತಾನು ಕುಳಿತುಕೊಳ್ಳುವ ಮೂಲೆಯಲ್ಲಿ ನೆಂಟರ ಚೀಲಗಳು, ಸಂಜೆಗೆ ಪಟಾಕಿ. ಇಷ್ಟನ್ನು ಸಹಿಸಿ ನಿದ್ದೆಹೋದವನನ್ನು ಅಪರಿಚಿತ ಕಂಠಗಳು ಒಮ್ಮೆಲೇ ಎಬ್ಬಿಸಿದರೆ, ಅವನು ಕಿವಿ ಮುಚ್ಚಿಕೊಂಡು ಚೀರುವುದರಲ್ಲಿ ಆಶ್ಚರ್ಯವೇನು? ನೆಂಟರು ಹಟಮಾರಿಯೆನ್ನುವರು, ತಾಯಿಯ ಮುದ್ದೇ ಕಾರಣವೆನ್ನುವರು. ಮರುವರ್ಷ ಆ ಮನೆಯವರು ಯಾರನ್ನೂ ಕರೆಯರು, ತಾವೂ ಎಲ್ಲಿಗೂ ಹೋಗರು.

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇಂಥ 11 ಮಕ್ಕಳ ವಿಷಯವಾಗಿ ಪ್ರಸಿದ್ಧವಾದ ಲೇಖನವೊಂದನ್ನು ಬರೆದರು. ಸುತ್ತಲಿನದೆಲ್ಲವೂ ಇದ್ದಂತೆಯೇ ಇರಬೇಕೆಂಬ ತೀವ್ರ ಹಂಬಲ, ದೊಡ್ಡ ಶಬ್ದಗಳ ಭಯ, ಇವೆರಡನ್ನೂ ಅವರು ಅಂದೇ ಗುರುತಿಸಿದ್ದರು. ಹಬ್ಬವು ಎರಡನ್ನೂ ಒಂದೇ ದಿನ ಕೆಣಕುವುದಷ್ಟೆ. ತಂದೆತಾಯಿಗಳ ಒಲವಿಲ್ಲದ ನಡತೆಯೇ ಇದಕ್ಕೆ ಕಾರಣವೆಂಬ ವಾದವು ಹಿಂದೆ ವೈದ್ಯರಲ್ಲಿಯೂ ಇತ್ತು. ಅಂಥ ಮಗುವಿನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಅದನ್ನು ಖಂಡಿಸಿದರು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದೆಂದು ಈಗ ತಿಳಿದಿದೆ. (ಅಲ್ಲಿ ಪ್ರೀತಿ ಕಡಮೆಯೆಂದು ದೂರು, ಇಲ್ಲಿ ಹೆಚ್ಚೆಂದು; ತಾಯಿಗೆ ಮಾತ್ರ ಎರಡು ಕಡೆಯೂ ಬಿಡುಗಡೆಯಿಲ್ಲ!)

ಇವರ ಕಿವಿಯಲ್ಲಿ ಸಾಮಾನ್ಯವಾಗಿ ದೋಷವಿರುವುದಿಲ್ಲ. ಮತ್ತೆ ಮತ್ತೆ ಕೇಳಿದ ಶಬ್ದಕ್ಕೆ ನಮ್ಮ ಮಿದುಳು ಒಗ್ಗಿಹೋಗುವುದು. ಇವರಲ್ಲಿ ಅನೇಕರಿಗೆ ಹಾಗೆ ಬೇಗನೆ ಒಗ್ಗುವುದಿಲ್ಲ. ಶಬ್ದವನ್ನೇ ಅರಸಿ ಹೋಗುವ ಮಕ್ಕಳೂ ಉಂಟು, ಎಲ್ಲರೂ ಒಂದೇ ಬಗೆಯವರಲ್ಲ. ಸಾಧಾರಣ ಮಾತುಕತೆಯು ಸುಮಾರು 60 ಡೆಸಿಬೆಲ್. ನಮ್ಮ ಕಾನೂನು ಪಟಾಕಿಗೆ 4 ಮೀಟರು ದೂರದಲ್ಲಿ 125 ಡೆಸಿಬೆಲ್ ಮಿತಿಯನ್ನಿಟ್ಟಿದೆ. ಪ್ರತಿ 10 ಡೆಸಿಬೆಲ್ಲಿಗೆ ತೀವ್ರತೆ ಹತ್ತು ಪಟ್ಟಾಗುವುದರಿಂದ, ಇವೆರಡರ ಅಂತರವು 10 ಲಕ್ಷ ಪಟ್ಟಿಗೂ ಮಿಕ್ಕಿದ್ದು.

ಮಗುವನ್ನು ಒಳಕೋಣೆಯಲ್ಲಿರಿಸಿ ಹಬ್ಬ ಮಾಡಿರೆಂದು ಕೆಲವರು ಸಲಹೆ ಕೊಡುವರು. ತಾನಾಗಿ ಹೋಗಿ ಕುಳಿತುಕೊಳ್ಳಲು ಶಾಂತವಾದ ಕೋಣೆಯೊಂದು ಇರತಕ್ಕದ್ದು, ಸರಿ. ಅಗಳಿ ಹಾಕುವುದನ್ನು ನಾವು ಒಪ್ಪಲಾರೆವು. ನಾಲ್ಕು ದಿನ ಅಭ್ಯಾಸವಾದರೆ ಸರಿಹೋಗುವನೆಂದು ಪಟಾಕಿಯ ಮುಂದೆ ಎಳೆದು ನಿಲ್ಲಿಸುವುದನ್ನಂತೂ ಒಪ್ಪೆವು. ಅಂಟಿಗೆ-ಪಂಟಿಗೆಯು ಇಂಥ ಬಾಲಕನಿಗೆ ಸ್ವಭಾವತಃ ಹಗೆಯೂ ಅಲ್ಲ. ವರ್ಷವರ್ಷವೂ ಅದೇ ದೀಪ, ಅದೇ ಧಾಟಿ, ಅದೇ ಕ್ರಮ. ಇದ್ದಂತೆಯೇ ಇರಬೇಕೆನ್ನುವವನಿಗೆ ಇದಕ್ಕಿಂತ ಹಿತವಾದುದು ಹಬ್ಬದಲ್ಲಿ ಮತ್ತಾವುದಿದೆ? ತೊಂದರೆಯಿರುವುದು ಹಾಡಿನಲ್ಲಲ್ಲ, ಅದರ ಆಕಸ್ಮಿಕತೆಯಲ್ಲಿ.

ಹಳ್ಳಿಯಿಂದ ಕಾಲೇಜಿಗೆ ಬಂದ ತರುಣರೇ, ಈ ತಂಡಗಳೊಡನೆ ಹೊರಡುವವರಲ್ಲಿ ನೀವೂ ಇದ್ದೀರಷ್ಟೆ. ಅಂಥ ಮನೆಗೆ ಹಿಂದಿನ ದಿನವೇ ಹೋಗಿ ಬರುವ ಹೊತ್ತನ್ನು ತಿಳಿಸಿರಿ. ತಂಡದ ಚಿತ್ರವೊಂದನ್ನು ಕೊಟ್ಟರೆ ತಾಯಿಯು ಅದನ್ನು ತೋರಿಸಿ ಮಗನನ್ನು ಅಣಿಗೊಳಿಸುವಳು. ಅವನ ನಿದ್ದೆಯ ಹೊತ್ತಿಗೆ ಮೊದಲೇ ಹೋಗಿ, ಅಂಗಳದ ತುದಿಯಲ್ಲಿ ನಿಂತು ಮೆಲುದನಿಯಲ್ಲಿ ಹಾಡಿರಿ. ಹತ್ತಿರದಲ್ಲಿ ಪಟಾಕಿ ಬೇಡ. ಹೀಗೆ ಮಾಡಿದರೆ ಸಂಪ್ರದಾಯ ಕೆಡುವುದೆಂದು ಹಿರಿಯರು ಆಕ್ಷೇಪಿಸಿಯಾರು. ದೀಪ ಆರಬಾರದೆಂಬ ಕಟ್ಟಳೆಯುಂಟೇ ಹೊರತು ದನಿ ತಗ್ಗಬಾರದೆಂಬುದು ಇಲ್ಲವಲ್ಲ. ಬಾಲಕನು ಎಣ್ಣೆಯೆರೆಯಲು ಬಂದರೆ ಕಾದು ನಿಲ್ಲಿರಿ. ಬಾರದೆ, ಈ ಸಲ ಬೇಡವೆಂದು ಮನೆಯವರು ಹೇಳಿದರೆ, ಜಗಲಿಯ ಹಣತೆಯನ್ನು ನಿಮ್ಮ ದೀಪದಿಂದ ಹೊತ್ತಿಸಿಟ್ಟು, ಸದ್ದಿಲ್ಲದೆ ಮುಂದಿನ ಮನೆಗೆ ನಡೆಯಿರಿ.