ನಡುವಣ ಆಟಗಾರ್ತಿ

ಕಾಲ್ಚೆಂಡಾಟವನ್ನು ನೋಡಿ ಬಂದ ಮಕ್ಕಳನ್ನು, ಗೋಲು ಹೊಡೆದವರು ಯಾರೆಂದು ಕೇಳುತ್ತೇವೆಯೇ ಹೊರತು, ಚೆಂಡನ್ನು ಅಲ್ಲಿಯವರೆಗೆ ಮುಟ್ಟಿಸಿದವರು ಯಾರೆಂದು ಕೇಳುವ ವಾಡಿಕೆ ನಮ್ಮಲ್ಲಿಲ್ಲ. ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರಿಗೆ ಒದಗಿಸುವುದೂ, ಎದುರಾಳಿಗಳು ನುಗ್ಗಿದಾಗ ಅಡ್ಡಗಟ್ಟುವುದೂ ಅಂಗಣದ ನಡುವೆ ಆಡುವವರ ಕಾರ್ಯವು. ಸೂತ್ರಧಾರನೆಂದರೆ ಯಾರೆಂಬುದನ್ನು ಗುಬ್ಬಿಯ ಕಡೆಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆತನು ಪ್ರಸ್ತಾವನೆಯಾದೊಡನೆ ಮರೆಯಾಗುತ್ತಾನೆ. ಇವರಿಗಾದರೋ ಆಟ ಮುಗಿಯುವ ತನಕ ಬಿಡುವಿಲ್ಲ.

ಚೀನಾ ದೇಶದ ಶ್ವೇಯ್ ಚಿಂಗ್‌ಶ್ಯಾ ಇಂತಹ ಆಟಗಾರ್ತಿಯಾಗಿದ್ದಳು. 1966ರಲ್ಲಿ ಜನಿಸಿದ ಈಕೆ, ಸ್ತ್ರೀಯರ ಪ್ರಥಮ ವಿಶ್ವಕಪ್ ಪಂದ್ಯಗಳು 1991ರಲ್ಲಿ ಚೀನಾದಲ್ಲಿಯೇ ನಡೆದಾಗ ಸ್ವದೇಶದ ತಂಡದಲ್ಲಿದ್ದಳು. ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರ ಕಾಲ್ಚೆಂಡಾಟಕ್ಕೆ ಎಡೆ ದೊರೆತದ್ದು 1996ರಲ್ಲಿ. ಆ ಆಗಸ್ಟ್ 1ರಂದು, 76,000ಕ್ಕೂ ಮಿಕ್ಕ ಪ್ರೇಕ್ಷಕರ ಮುಂದೆ, ಚೀನಾ ಅಮೆರಿಕಕ್ಕೆ 1–2ರಿಂದ ಸೋತು ಬೆಳ್ಳಿಯ ಪದಕವನ್ನು ಪಡೆಯಿತು. ಆಗ ಈಕೆಗೆ ಮೂವತ್ತರ ಹತ್ತಿರದ ವಯಸ್ಸು. ತುಮಕೂರು, ಕುಣಿಗಲುಗಳ ಶಾಲೆಯ ಬಯಲುಗಳಲ್ಲಿ ಗಾಳಿಯಂತೆ ಓಡುತ್ತಿದ್ದ ಹುಡುಗಿಯರು ಹೈಸ್ಕೂಲು ಮುಗಿಯುತ್ತಲೇ ಆಟವನ್ನು ತೊರೆಯುವುದನ್ನು ನಾವು ಎಷ್ಟೋ ಕಂಡಿದ್ದೇವೆ. ಅವರಾಗಿ ತೊರೆದವರು ಕಡಿಮೆ, ಮನೆಯ ಹಿರಿಯರು ಬಿಡಿಸಿದವರೇ ಹೆಚ್ಚು.

ಶ್ವೇಯ್ ಆಟದಿಂದ ನಿವೃತ್ತಳಾದ ಮೇಲೆ ಶಾಂಘೈ ತಂಡವನ್ನು ತರಬೇತುಗೊಳಿಸಿದಳು. 2021ರ ನವೆಂಬರಿನಲ್ಲಿ ರಾಷ್ಟ್ರೀಯ ತಂಡವು ಈಕೆಯ ಕೈಗೆ ಬಂದಿತು. ಎರಡೇ ತಿಂಗಳಲ್ಲಿ ಏಷ್ಯಾ ಕಪ್ಪಿಗಾಗಿ ಭಾರತಕ್ಕೆ ಪ್ರಯಾಣ! ಪಂದ್ಯಗಳು ನಡೆದದ್ದು ಮುಂಬಯಿ, ನವಿ ಮುಂಬಯಿ ಮತ್ತು ಪುಣೆಗಳಲ್ಲಿ. ನಮ್ಮ ಹುಡುಗಿಯರು ಇರಾನಿನೊಡನೆ ಸಮನಾಗಿ ಆಡಿದ ಬಳಿಕ, ತಂಡದಲ್ಲಿ ಕೊರೋನಾ ಹರಡಿ, ಎರಡನೆಯ ಪಂದ್ಯಕ್ಕೆ ಸಾಕಷ್ಟು ಜನರೇ ಇಲ್ಲದೆ ಸ್ಪರ್ಧೆಯಿಂದ ಹೊರಬೀಳಬೇಕಾಯಿತು. ಮದುವೆಯನ್ನಿಟ್ಟುಕೊಂಡ ಮನೆಯವರೇ ಹಾಸಿಗೆ ಹಿಡಿದಂತಾಯಿತು. ನೆನೆದರೆ ಈಗಲೂ ವ್ಯಸನವಾಗುತ್ತದೆ.

ಪುಣೆಯಲ್ಲಿ ಚೀನಾ ಎರಡು ಸಲ ಹಿಂದೆ ಬಿದ್ದು, ಎರಡು ಸಲವೂ ಸಮಗಟ್ಟಿ, ಪೆನಾಲ್ಟಿಗಳಲ್ಲಿ ಜಪಾನನ್ನು ಸೋಲಿಸಿತು. 2022ರ ಫೆಬ್ರವರಿ 6ರಂದು ನವಿ ಮುಂಬಯಿಯಲ್ಲಿ ಅಂತಿಮ ಪಂದ್ಯ. ಅರ್ಧ ಆಟ ಮುಗಿದಾಗ ದಕ್ಷಿಣ ಕೊರಿಯಾಕ್ಕೆ ಎರಡು ಗೋಲು, ಚೀನಾಕ್ಕೆ ಸೊನ್ನೆ. ವಿರಾಮದ ತರುವಾಯ ಟಾಂಗ್ ಜ್ಯಾಲಿ ಪೆನಾಲ್ಟಿಯಿಂದ ಒಂದನ್ನೂ, ಸ್ವಲ್ಪ ಹೊತ್ತಿನಲ್ಲೇ ಜಾಂಗ್ ಲಿನ್ಯಾನ್ ಇನ್ನೊಂದನ್ನೂ ಸಾಧಿಸಿದರು. ತೊಂಬತ್ತು ನಿಮಿಷ ಕಳೆದು, ಹೆಚ್ಚುವರಿಯಾಗಿ ಕೊಟ್ಟ ಕೆಲವೇ ನಿಮಿಷಗಳು ಉಳಿದಿದ್ದಾಗ, ನಡುವೆ ಶ್ವೇಯ್ ಇಳಿಸಿದ್ದ ಷ್ಯಾವ್ ಯೂಯಿ ಮೂರನೆಯ ಗೋಲನ್ನು ಹೊಡೆದಳು. ಹದಿನಾರು ವರ್ಷಗಳ ಮೇಲೆ ಆ ಕಪ್ಪು ಚೀನಾಕ್ಕೆ ಮರಳಿತು. ಅದು ಒಂಬತ್ತನೆಯ ಸಲ.

ಜಯಕಾರ ಬಹುಕಾಲ ಉಳಿಯಲಿಲ್ಲ. 2023ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನೆದುರು 1–6ರ ಸೋಲು. ಚೀನಾ ಮೊದಲ ಸುತ್ತನ್ನು ದಾಟದೆ ಹೋದದ್ದು ಅದೇ ಮೊದಲು. ಆ ದಿನವೂ ಆಗಸ್ಟ್ 1! ಅಷ್ಟಾದರೂ ಈಕೆ ಅಂದೇ ಕೈಬಿಟ್ಟು ಹೊರಟವಳಲ್ಲ. ಎರಡು ತಿಂಗಳ ನಂತರ ಹಾಂಗ್‌ಜೌ ನಗರದ ಏಷ್ಯಾ ಕ್ರೀಡಾಕೂಟದಲ್ಲಿ ಅದೇ ತಂಡಕ್ಕೆ ಕಂಚಿನ ಪದಕವನ್ನು ದೊರಕಿಸಿ, ಆಮೇಲೆ ಹುದ್ದೆಯಿಂದಿಳಿದಳು.