ಪುಟ್ಟ ಕ್ಯಾಮೆರಾದ ಸದುಪಯೋಗ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಇಂದಿನ ಮಕ್ಕಳು ಇದಕ್ಕೆ ‘ಚಿತ್ರ ತೆಗೆ’ ಎಂಬ ಮೂರನೆಯ ಮಾತನ್ನೂ ಸೇರಿಸಿಕೊಂಡಿದ್ದಾರೆ. ಶಾಲೆಯ ಪ್ರವಾಸವೆಂದರೆ ಅಪ್ಪನ ಪುಟ್ಟ ಕ್ಯಾಮೆರಾ ಅಥವಾ ಅಮ್ಮನ ಮೊಬೈಲು ಬುತ್ತಿಯ ಜೊತೆಗೇ ಚೀಲ ಸೇರುತ್ತದೆ. ಇದು ಸಂತೋಷದ ವಿಷಯವೇ. ಆದರೆ ಹಿಂತಿರುಗಿ ಬಂದ ಮೇಲೆ ನೋಡಿದರೆ ಚಿತ್ರಗಳು ನೂರಾರು, ಮತ್ತೆ ನೋಡಬೇಕೆನಿಸುವವು ನಾಲ್ಕೋ ಐದೋ! ಕ್ಯಾಮೆರಾ ದುಬಾರಿಯದಲ್ಲ, ಅದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ಹಟ ಹಿಡಿಯುವ ಮಕ್ಕಳೂ ಉಂಟು. ನಮ್ಮ ಅಭಿಪ್ರಾಯ ಬೇರೆ. ನೋಡುವ ಕಣ್ಣು, ಕಾಯುವ ತಾಳ್ಮೆ, ಎದುರಿಗಿರುವವರಲ್ಲಿ ಗೌರವ, ಈ ಮೂರೂ ಇದ್ದರೆ ಪುಟ್ಟ ಕ್ಯಾಮೆರಾ ಧಾರಾಳವಾಗಿ ಸಾಕು.

ಮೈಸೂರಿನಲ್ಲಿ 1923ರಲ್ಲಿ ಜನಿಸಿದ ಟಿ. ಎಸ್. ಸತ್ಯನ್ ಅವರು ಪತ್ರಿಕಾ ಛಾಯಾಗ್ರಾಹಕರಾಗಿ ದೊಡ್ಡ ಹೆಸರು ಗಳಿಸಿದರು. ಅವರ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವವರು ಬೀದಿಯ, ಹೊಲದ, ಶಾಲೆಯ ಸಾಮಾನ್ಯ ಜನ. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರಗಳು ಮಾತ್ರ. ಆದ್ದರಿಂದ ಗುಂಡಿ ಒತ್ತುವ ಮೊದಲು ಯೋಚಿಸಲೇಬೇಕಾಗಿತ್ತು. ಇಂದು ರೋಲಿನ ಖರ್ಚಿಲ್ಲ. ಅದರೊಂದಿಗೆ ಯೋಚನೆಯೂ ಹೋಗಬಾರದಷ್ಟೆ.

ಸಂಗೀತ ಕಚೇರಿಯ ಮಾತಿಗೆ ಬರೋಣ. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. 1939ರಲ್ಲಿ ಆರಂಭವಾದ ಅಲ್ಲಿನ ರಾಮನವಮಿ ಸಂಗೀತೋತ್ಸವಕ್ಕೆ ನಮ್ಮ ಕಡೆಯಿಂದಲೂ ಹೋಗಿಬರುವುದು ಕಷ್ಟವಲ್ಲ. ಇಂಥ ಕಚೇರಿಗಳಲ್ಲಿ ಹಿಂದಿನ ಸಾಲಿನಿಂದ ಫ್ಲ್ಯಾಷ್ ಮಿಂಚಿಸುವವರನ್ನು ಕಾಣುತ್ತೇವೆ. ಪುಟ್ಟ ಕ್ಯಾಮೆರಾದ ಫ್ಲ್ಯಾಷ್ ಬೆಳಕು ಹತ್ತು ಹನ್ನೆರಡು ಅಡಿಗಿಂತ ಹೆಚ್ಚು ದೂರ ಚೆನ್ನಾಗಿ ಬೀಳುವುದಿಲ್ಲ. ವೇದಿಕೆಯ ಬದಲು ಮುಂದೆ ಕುಳಿತವರ ತಲೆಗಳು ಬೆಳಗುತ್ತವೆ. ಹತ್ತಿರವಿದ್ದರೆ ಹಾಡುವವರ ಕಣ್ಣು ಕೋರೈಸುತ್ತದೆ. ಆದ್ದರಿಂದ ಫ್ಲ್ಯಾಷನ್ನೂ ಕ್ಯಾಮೆರಾದ ಕ್ಲಿಕ್ ಸದ್ದನ್ನೂ ನಿಲ್ಲಿಸಿಬಿಡಿ. ಕ್ಯಾಮೆರಾದಲ್ಲಿ ಐಎಸ್ಒ ಹೆಚ್ಚಿಸಿ, ಕಂಬಕ್ಕೆ ಒರಗಿ ಅಥವಾ ಮೊಣಕೈಗಳನ್ನು ತೊಡೆಯ ಮೇಲೆ ಊರಿ, ಕೈ ಅಲುಗದಂತೆ ಹಿಡಿಯಿರಿ. ವೇದಿಕೆಯ ಹಿಂದಿನ ಪರದೆ ಕಪ್ಪಾಗಿದ್ದರೆ ಮುಖ ಬೆಳ್ಳಗೆ ಸುಣ್ಣ ಬಳಿದಂತಾಗುತ್ತದೆ. ಆಗ ಬೆಳಕಿನ ಅಳತೆಯನ್ನು ಒಂದು ಹಂತ ತಗ್ಗಿಸಿ. ಮೈಕು ಮುಖಕ್ಕೆ ಅಡ್ಡ ಬಂದರೆ ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಮೃದಂಗದ ಬೆರಳುಗಳು ಓಡುತ್ತಿರುವಾಗ ಚಿತ್ರ ಮಸುಕಾಗುತ್ತದೆ. ಗಾಯಕರು ಒಂದು ಸ್ವರದಲ್ಲಿ ನಿಂತ ಕ್ಷಣಕ್ಕೆ ಕಾದಿರಿ. ಆ ಕ್ಷಣ ತಿಳಿಯಬೇಕಾದರೆ ಸಂಗೀತವನ್ನು ಕೇಳುತ್ತಿರಬೇಕಲ್ಲವೆ? ಅನುಮತಿ ಪಡೆದು, ಮೊದಲ ಒಂದೆರಡು ಕೃತಿಗಳಲ್ಲಿ ಚಿತ್ರ ತೆಗೆದು, ಕ್ಯಾಮೆರಾವನ್ನು ಚೀಲದೊಳಗಿಡುವುದೇ ಮೇಲು. ಕೇಳಲು ಬಂದವರು ಕೇಳಬೇಕು.

ಪ್ರವಾಸದಲ್ಲಿಯೂ ಇದೇ ನೀತಿ. ಗೋಪುರದ ಬುಡದಲ್ಲಿ ಎಲ್ಲರನ್ನೂ ನಿಲ್ಲಿಸಿ ದೂರದಿಂದ ತೆಗೆದರೆ ಮನುಷ್ಯರು ಇರುವೆಗಳಾಗುತ್ತಾರೆ. ಅವರನ್ನು ನಿಮ್ಮ ಹತ್ತಿರಕ್ಕೆ ಕರೆಯಿರಿ, ಗೋಪುರ ಹಿಂದೆ ಇರಲಿ. ನಡುಹಗಲಿನ ಬಿಸಿಲಿನಲ್ಲಿ ಕಣ್ಣುಗಳ ಮೇಲೆ ಹುಬ್ಬಿನ ನೆರಳು ಬೀಳುತ್ತದೆ. ಬೆಳಗಿನ, ಸಂಜೆಯ ಬೆಳಕು ಹಿತ. ಹೊಗೇನಕಲ್ಲಿನಲ್ಲಿ ನೀರಿನ ತುಂತುರು ಮಸೂರದ ಮೇಲೆ ಕೂರುವುದರಿಂದ ಮೆತ್ತನೆಯ ಬಟ್ಟೆ ಜೊತೆಗಿರಲಿ. ಹೊಸೂರಿನ ಚಂದ್ರಚೂಡೇಶ್ವರನ ತೇರು ಇಡಿಯಾಗಿ ಪುಟ್ಟ ಚಿತ್ರದಲ್ಲಿ ಹಿಡಿಸದಿದ್ದರೆ ಚಿಂತೆಯಿಲ್ಲ. ಹಗ್ಗ ಹಿಡಿದ ಹತ್ತು ಕೈಗಳನ್ನು ತೆಗೆಯಿರಿ. ತೇರಿನ ಭಾರ ಅದರಲ್ಲಿಯೇ ಕಾಣುತ್ತದೆ.

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಯ ಸೀಮೆಯಲ್ಲಿ ವೀರಗಲ್ಲುಗಳೂ ಕನ್ನಡ, ತಮಿಳು ಶಾಸನಗಳೂ ಉಂಟು. ಪ್ರವಾಸವೆಂದರೆ ದೂರವೇ ಆಗಬೇಕೆಂದಿಲ್ಲ. ಇವನ್ನು ನೋಡಲು ಸೈಕಲ್ಲೇ ಸಾಕು. ಸವೆದ ಅಕ್ಷರಗಳು ನೇರ ಬಿಸಿಲಿನಲ್ಲಿ ಕಾಣುವುದಿಲ್ಲ. ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದಾಗ ಪ್ರತಿ ಅಕ್ಷರದ ತಗ್ಗಿನಲ್ಲೂ ನೆರಳು ನಿಂತು ಓದಲು ಬರುತ್ತದೆ. ಸೀಮೆಸುಣ್ಣ, ಎಣ್ಣೆ ಬಳಿಯಬೇಡಿ. ಕಲ್ಲಿಗೆ ಅದರಿಂದ ಕೇಡು. ರಸ್ತೆ ಅಗಲವಾಗುವಾಗ, ಹೊಸ ಮನೆ ಏಳುವಾಗ ಇಂಥ ಕಲ್ಲುಗಳು ಮಣ್ಣುಪಾಲಾಗುವುದುಂಟು. ಆಮೇಲೆ ಉಳಿಯುವುದು ಒಬ್ಬ ವಿದ್ಯಾರ್ಥಿ ತೆಗೆದ ಚಿತ್ರ ಮಾತ್ರವೂ ಆಗಬಹುದು.

ಆದರೆ ಊರು, ದಿನಾಂಕ ಇಲ್ಲದ ಚಿತ್ರ ವಿಳಾಸವಿಲ್ಲದ ಕಾಗದದಂತೆ. ಅಜ್ಜಿಯ ಹಳೆಯ ಆಲ್ಬಮ್ಮಿನಲ್ಲಿ ‘ಇವರು ಯಾರು?’ ಎಂದು ಕೇಳಿದರೆ ಉತ್ತರ ಹೇಳುವವರೇ ಇಲ್ಲದ ಮನೆಗಳು ಎಷ್ಟೋ! ಆದ್ದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇಷ್ಟು: ಹೊಸ ಕ್ಯಾಮೆರಾ ಕೊಡಿಸುವ ಮೊದಲು ಮಕ್ಕಳಿಗೆ ಒಂದು ನೋಟುಪುಸ್ತಕ ಕೊಡಿಸಿ. ಪ್ರತಿ ಪ್ರವಾಸದ ಹತ್ತು ಒಳ್ಳೆಯ ಚಿತ್ರಗಳನ್ನು ಆರಿಸಿ, ಅಚ್ಚು ಹಾಕಿಸಿ, ಅಂಟಿಸಲಿ. ಯಾರು, ಎಲ್ಲಿ, ಯಾವಾಗ ಎಂದು ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆಯಲಿ. ಅಂಗಡಿಯ ಹಲಗೆಯಲ್ಲೂ ಬಸ್ಸಿನ ಫಲಕದಲ್ಲೂ ಕನ್ನಡ ಅಪರೂಪವಾಗಿರುವ ಈ ಗಡಿಸೀಮೆಯಲ್ಲಿ, ಪರೀಕ್ಷೆಗಾಗಿ ಅಲ್ಲದೆ ತಮಗಾಗಿ ಮಕ್ಕಳು ಬರೆಯುವ ಕನ್ನಡ ಅದೇ ಆಗಬಹುದು. ಚಿತ್ರದಲ್ಲಿ ನಮ್ಮ ಊರು ಉಳಿಯಲಿ, ಅದರ ಕೆಳಗೆ ನಮ್ಮ ನುಡಿಯೂ ಉಳಿಯಲಿ.