ಮೊದಲು ಮೈಕ್ರೋಸ್ಕೋಪು, ಆಮೇಲೆ ಮೆಷಿನ್ನು



ನಮ್ಮ ಕಡೆ ಖಾಸಗಿಯಾಗಿ ದನ ನೋಡೋ ಡಾಕ್ಟ್ರು ಕ್ಲಿನಿಕ್ಕಲ್ಲೇ ರಕ್ತ ಪರೀಕ್ಷೆ ಶುರು ಮಾಡ್ಬೇಕು ಅಂತ ಇದ್ದಾರೆ. ಸುತ್ತಲಿನ ಡೇರಿ ಸಂಘಗಳು ಲಾಭದಲ್ಲಿ ಸ್ವಲ್ಪ ಕೊಟ್ಟರೆ ಮೆಷಿನ್ ತರ್ತೀನಿ ಅಂದಿದ್ದಾರೆ. ಯೋಚನೆ ಬಹಳ ಒಳ್ಳೇದು, ದುಡ್ಡು ಕೊಡೋಣ ಅಂತಲೇ ನಾನೂ ಹೇಳೋದು. ಆದರೆ ಯಾವ ಮೆಷಿನ್ನು ಅನ್ನೋದರಲ್ಲಿ ನನ್ನ ಅಭಿಪ್ರಾಯ ಬೇರೆ. ಮಹಾಸಭೆಗೆ ಮುಂಚೆ ಬರೆದಿಡ್ತೀನಿ, ಓದಿ ನೋಡಿ.

ನಮ್ಮ ಕೊಟ್ಟಿಗೆಗಳಲ್ಲಿ ರಕ್ತ ಪರೀಕ್ಷೆ ಬೇಕಾಗೋದು ಯಾವಾಗ? ಹೆಚ್ಚಿನ ಸಲ ಉಣ್ಣೆ ಹುಳದಿಂದ ಬರೋ ಜ್ವರದಲ್ಲಿ. ಥೈಲೀರಿಯಾ, ಬೆಬೀಸಿಯಾ, ಅನಾಪ್ಲಾಸ್ಮಾ, ಈ ಮೂರೂ ನಮಗೆ ಗೊತ್ತಿರೋ ಹೆಸರುಗಳೇ. ಎಚ್.ಎಫ್., ಜೆರ್ಸಿ ತಳಿ ಮಿಶ್ರಣದ ಹಸುಗಳಿಗೆ ನಾಟಿ ಹಸುಗಿಂತ ಇವು ಜೋರಾಗಿ ಬಡಿಯುತ್ತವೆ. ಮೂರರಲ್ಲೂ ಜ್ವರ, ಮೂರರಲ್ಲೂ ಮೇವು ಬಿಡೋದು, ಹಾಲು ಇಳಿಯೋದು, ಕಣ್ಣಿನ ರೆಪ್ಪೆ ಒಳಗೆ ಬಿಳಿಚಿಕೊಳ್ಳೋದು. ಭುಜದ ಮುಂದಿನ ಗಂಟು ಊದಿದರೆ ಥೈಲೀರಿಯಾ, ಗಂಜಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಬೆಬೀಸಿಯಾ ಅಂತ ಅಂದಾಜು ಮಾಡಬಹುದು. ಆದರೆ ಎಲ್ಲಾ ಹಸುವೂ ಪುಸ್ತಕ ಓದಿಕೊಂಡು ಕಾಯಿಲೆ ಬೀಳಲ್ಲವಲ್ಲ.

ಔಷಧಿ ಮಾತ್ರ ಮೂರಕ್ಕೂ ಬೇರೆ ಬೇರೆ. ಥೈಲೀರಿಯಾಕ್ಕೆ ಬುಪಾರ್ವಾಕ್ವೋನ್, ಅದು ದುಬಾರಿ ಇಂಜೆಕ್ಷನ್ನು. ಬೆಬೀಸಿಯಾಕ್ಕೆ ಡಿಮಿನಾಜೀನ್. ಅನಾಪ್ಲಾಸ್ಮಾಕ್ಕೆ ಟೆಟ್ರಾಸೈಕ್ಲಿನ್. ಯಾವುದು ಅಂತ ಗೊತ್ತಾಗದೆ ಇದ್ದಾಗ ಏನಾಗುತ್ತೆ? ಇವತ್ತೊಂದು, ನಾಳೆ ಇನ್ನೊಂದು. ದುಡ್ಡು ಹೋಗುತ್ತೆ, ಅದಕ್ಕಿಂತ ಮುಖ್ಯವಾಗಿ ದಿನ ಹೋಗುತ್ತೆ. ಆಂಟಿಬಯೋಟಿಕ್ ಹಾಕಿದ ಮೇಲೆ ಹೇಳಿದಷ್ಟು ದಿನ ಹಾಲು ಡೇರಿಗೆ ಹಾಕೋ ಹಾಗಿಲ್ಲ, ಆ ನಷ್ಟ ಬೇರೆ.

ಈಗ ಮೆಷಿನ್ನಿನ ವಿಷಯ. ಡಾಕ್ಟ್ರಿಗೆ ಕಂಪನಿಯವರು ತೋರಿಸಿರೋದು ರಕ್ತಕಣ ಎಣಿಸೋ ಆಟೋಮ್ಯಾಟಿಕ್ ಯಂತ್ರ. ಒಂದು ಹನಿ ರಕ್ತ ಕೊಟ್ಟರೆ ಕೆಂಪು ಕಣ ಎಷ್ಟು, ಬಿಳಿ ಕಣ ಎಷ್ಟು, ಹಿಮೋಗ್ಲೋಬಿನ್ ಎಷ್ಟು ಅಂತ ಚೀಟಿ ಬರುತ್ತೆ. ನೋಡಕ್ಕೆ ಚೆಂದ. ಆದರೆ ಅದು ರಕ್ತ ಕಮ್ಮಿ ಆಗಿದೆ ಅಂತ ಹೇಳುತ್ತೆ, ಯಾಕೆ ಕಮ್ಮಿ ಆಗಿದೆ ಅಂತ ಹೇಳಲ್ಲ. ಕೆಂಪು ಕಣದೊಳಗೆ ಕೂತಿರೋ ಪರೋಪಜೀವಿಯನ್ನ ಕಣ್ಣಿಗೆ ತೋರಿಸೋದು ಮೈಕ್ರೋಸ್ಕೋಪು. ಗಾಜಿನ ಸ್ಲೈಡ್ ಮೇಲೆ ರಕ್ತ ಸವರಿ, ಜೀಮ್ಸಾ ಬಣ್ಣ ಹಾಕಿ, ಎಣ್ಣೆ ಹಾಕಿ ನೋಡೋ 100ರ ಲೆನ್ಸಿನಲ್ಲಿ ನೋಡಿದರೆ ಅದೇ ದಿನ ಉತ್ತರ ಸಿಗಬಹುದು.

ಅದಕ್ಕೇ ನನ್ನ ಪಟ್ಟಿ ಹೀಗಿದೆ. ಮೊದಲನೇದು, ಒಳ್ಳೇ ಲೆನ್ಸಿನ ಎರಡು ಕಣ್ಣಿನ ಮೈಕ್ರೋಸ್ಕೋಪು. ಎರಡನೇದು, ಸಣ್ಣ ಗಾಜಿನ ಕೊಳವೆ ತಿರುಗಿಸೋ ಸೆಂಟ್ರಿಫ್ಯೂಜು. ಐದು ನಿಮಿಷ ತಿರುಗಿಸಿದರೆ ರಕ್ತದಲ್ಲಿ ಕೆಂಪು ಕಣದ ಪಾಲು ಎಷ್ಟು ಅಂತ ಅಳೆದು ಹೇಳಬಹುದು. ಹಸುವಿಗೆ ಸುಮಾರು 24ರಿಂದ 46 ಪರ್ಸೆಂಟ್ ಸರಿ. 12-13ಕ್ಕೆ ಇಳಿದಿದೆ ಅಂದರೆ ಇಂಜೆಕ್ಷನ್ ಒಂದರಿಂದಲೇ ಆಗಲ್ಲ, ರಕ್ತ ಕೊಡಬೇಕಾ ಅಂತ ಡಾಕ್ಟ್ರು ಯೋಚನೆ ಮಾಡೋ ಹಂತ. ಮೂರನೇದು, ಕೈಯಲ್ಲಿ ಹಿಡಿಯೋ ಕೀಟೋನ್ ಮೀಟರು. ಕರು ಹಾಕಿದ ಮೊದಲ ವಾರಗಳಲ್ಲಿ ಹಸು ಹಿಂಡಿ ಬಿಟ್ಟು ಸೊರಗಿದರೆ ಒಂದು ಹನಿ ರಕ್ತದಲ್ಲಿ ಗೊತ್ತಾಗುತ್ತೆ. 1.2 ದಾಟಿದರೆ ಕೀಟೋಸಿಸ್ ಶುರುವಾಗಿದೆ ಅಂತ ಲೆಕ್ಕ. ಸಕ್ಕರೆ ಕಾಯಿಲೆಯವರ ಶುಗರ್ ಸ್ಟ್ರಿಪ್ ಇದಕ್ಕೆ ಆಗಲ್ಲ, ಕೀಟೋನ್ ಸ್ಟ್ರಿಪ್ಪೇ ಬೇಕು. ಈ ಮೂರೂ ಸಾವಿರದ ಲೆಕ್ಕದಲ್ಲಿ ಮುಗಿಯುತ್ತವೆ. ಆ ದೊಡ್ಡ ಯಂತ್ರ ಲಕ್ಷದ ಲೆಕ್ಕ.

ಲಕ್ಷದ ಲೆಕ್ಕ ಹಾಕೋದು ಹೇಗೆ? ಉದಾಹರಣೆಗೆ ಮೂರು ಲಕ್ಷದ ಮೆಷಿನ್ನು, ಐದು ವರ್ಷ ಬಾಳಿಕೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 60 ಸಾವಿರ. ತಿಂಗಳಿಗೆ 20 ಪರೀಕ್ಷೆ ಆದರೆ ಒಂದಕ್ಕೆ 250 ರೂಪಾಯಿ ಬರೀ ಮೆಷಿನ್ನಿಗೇ. ತಿಂಗಳಿಗೆ ಐದೇ ಆದರೆ ಒಂದಕ್ಕೆ 1000. ಇದರ ಮೇಲೆ ರೀಏಜೆಂಟು, ಯುಪಿಎಸ್ಸು, ರಿಪೇರಿ. ರೀಏಜೆಂಟ್ ಬಾಟಲಿಗೆ ಎಕ್ಸ್‌ಪೈರಿ ಇರುತ್ತೆ, ಉಪಯೋಗಿಸದೇ ಇದ್ದರೂ ಚೆಲ್ಲಬೇಕು. ಪೇಟೆಯಲ್ಲಿ ನಾಯಿ, ಬೆಕ್ಕು ದಿನಾ ಬರೋ ಕ್ಲಿನಿಕ್ಕಿಗೆ ಇದು ಗಿಟ್ಟುತ್ತೆ. ನಮ್ಮಲ್ಲಿ ಡಾಕ್ಟ್ರು ಅರ್ಧ ದಿನ ಬೈಕ್ ಮೇಲೇ ಇರ್ತಾರೆ.

ಇನ್ನೊಂದು ಎಚ್ಚರ. ಮನುಷ್ಯರ ಲ್ಯಾಬಿನ ಹಳೇ ಮೆಷಿನ್ ಕಮ್ಮಿಗೆ ಸಿಗುತ್ತೆ ಅಂತ ಯಾರೋ ಹೇಳ್ತಿದ್ದರು. ಹಸುವಿನ ಕೆಂಪು ಕಣ ಮನುಷ್ಯರದಕ್ಕಿಂತ ಬಹಳ ಸಣ್ಣದು, ಗಾತ್ರದಲ್ಲಿ ಹೆಚ್ಚುಕಮ್ಮಿ ಅರ್ಧ. ಕುರಿ, ಮೇಕೆಯದು ಇನ್ನೂ ಸಣ್ಣದು. ಮನುಷ್ಯರ ಸೆಟ್ಟಿಂಗಿನಲ್ಲಿ ಎಣಿಸಿದರೆ ಲೆಕ್ಕ ತಪ್ಪುತ್ತೆ. ದನ, ಕುರಿ, ಮೇಕೆಗೆ ಬೇರೆ ಸೆಟ್ಟಿಂಗ್ ಇಲ್ಲದ ಮೆಷಿನ್ ಪುಕ್ಕಟೆ ಕೊಟ್ಟರೂ ಬೇಡ.

"ಮೈಕ್ರೋಸ್ಕೋಪ್ ನೋಡಕ್ಕೆ ಡಾಕ್ಟ್ರಿಗೆ ಟೈಮೆಲ್ಲಿದೆ" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಸ್ಲೈಡ್ ನೋಡೋದು ಕಣ್ಣಿಗೂ ಕೆಲಸ, ತಲೆಗೂ ಕೆಲಸ. ಥೈಲೀರಿಯಾ ಶುರುವಿನಲ್ಲಿ ರಕ್ತದಲ್ಲಿ ಕಾಣದೇ ಇರಬಹುದು, ಆಗ ಊದಿದ ಗಂಟಿಗೆ ಸೂಜಿ ಹಾಕಿ ತೆಗೆದು ನೋಡಬೇಕು. ವಾಸಿಯಾದ ಹಸುವಿನಲ್ಲೂ ಒಂದೆರಡು ಕಾಣಬಹುದು, ಅದಕ್ಕೆಲ್ಲ ಔಷಧಿ ಬೇಡ. ಇದನ್ನ ತೂಗಿ ನೋಡೋದಕ್ಕೇ ಓದಿದವರು ಬೇಕು. ಹಾಗಾಗಿ ಆ ಕೆಲಸಕ್ಕೆ ನಾವು ಫೀಸ್ ಕೊಡಬೇಕು. ಇಂಜೆಕ್ಷನ್ನಿಗೆ ಮಾತು ಆಡದೆ ಕೊಡ್ತೀವಿ, ನೋಡಿ ಹೇಳಿದ್ದಕ್ಕೆ ಕೊಡು ಅಂದರೆ ಮುಖ ಸಣ್ಣದು ಮಾಡ್ತೀವಿ. ಈ ಬುದ್ಧಿ ಬಿಡದೇ ಇದ್ದರೆ ಯಾವ ಮೆಷಿನ್ ತಂದರೂ ಬಟ್ಟೆ ಹೊದ್ದು ಮೂಲೆಗೆ ಕೂರುತ್ತೆ.

ನಮ್ಮ ಕಡೆಯಿಂದಲೂ ಎರಡು ಕೆಲಸ ಆಗಬೇಕು. ಜ್ವರ ಅಂತ ಗೊತ್ತಾದ ದಿನವೇ, ಯಾವುದೇ ಇಂಜೆಕ್ಷನ್ ಬೀಳೋಕೆ ಮುಂಚೆ, ರಕ್ತ ತೆಗೆಸಬೇಕು. ಕ್ಲಿನಿಕ್ಕಿಗೆ ಒಯ್ಯೋ ನೇರಳೆ ಮುಚ್ಚಳದ ಟ್ಯೂಬನ್ನ ನಿಧಾನಕ್ಕೆ ತಲೆಕೆಳಗೆ ಮಾಡಿ ಬೆರೆಸಿ, ಕುಲುಕಬೇಡಿ. ಬಿಸಿಲಲ್ಲಿ ಇಡಬೇಡಿ, ಫ್ರೀಜರಿಗೂ ಹಾಕಬೇಡಿ, ಅದೇ ಹೊತ್ತಿಗೆ ತಲುಪಿಸಿ. ಆದರೆ ಕರು ಹಾಕಿ ಮಲಗಿಬಿಟ್ಟ ಹಸುವಿಗೆ ಪರೀಕ್ಷೆ ಅಂತ ಕಾಯಬೇಡಿ, ಹಾಲುಜ್ವರ ಕಾಯಕ್ಕೆ ಬಿಡಲ್ಲ. ಡಾಕ್ಟ್ರನ್ನ ಕರೀರಿ, ಮೊದಲು ಕ್ಯಾಲ್ಸಿಯಂ ಹಾಕಲಿ.

ಮಹಾಸಭೆಯಲ್ಲಿ ನಾನು ಕೇಳೋದು ಇಷ್ಟೇ. ಈ ವರ್ಷ ಸಂಘದ ದುಡ್ಡಲ್ಲಿ ಮೈಕ್ರೋಸ್ಕೋಪು, ಸೆಂಟ್ರಿಫ್ಯೂಜು, ಕೀಟೋನ್ ಮೀಟರು. ಒಂದು ಸ್ಲೈಡಿಗೆ ಇಷ್ಟು ಅಂತ ಫೀಸ್ ನಿಗದಿ, ಅರ್ಧ ಸಂಘ ಕೊಡಲಿ, ಅರ್ಧ ಹಸುವಿನ ಮಾಲೀಕರು ಕೊಡಲಿ. ಒಂದು ರಿಜಿಸ್ಟರ್ ಇಟ್ಟು ತಿಂಗಳಿಗೆ ಎಷ್ಟು ಪರೀಕ್ಷೆ ಆಯ್ತು ಅಂತ ಬರೆಯಲಿ. ವರ್ಷ ಆದ ಮೇಲೆ ಆ ಲೆಕ್ಕ ನೋಡಿ, ದೊಡ್ಡ ಮೆಷಿನ್ ಗಿಟ್ಟುತ್ತೆ ಅಂತ ಕಂಡರೆ ಮೊದಲು ಕೈ ಎತ್ತೋನು ನಾನೇ.

ಬೇರೆ ಅಭಿಪ್ರಾಯ ಇದ್ದವರು ಕೆಳಗೆ ಬರೀರಿ. ನಿಮ್ಮೂರಿನ ಸಂಘದಲ್ಲಿ ಇಂಥದ್ದು ನಡೆದಿದ್ದರೆ ಅದನ್ನೂ ಹೇಳಿ, ಸಭೆಯಲ್ಲಿ ಓದ್ತೀನಿ.